ಬಂಗಾರದ ಗಣಿಯಲ್ಲಿ ಒಂದು ತಂಬಿಗೆ ನೀರು

ಇಷ್ಟಲಿಂಗ ಪೂಜೆಯಾಗದೆ ನಾನು ಹನಿ ನೀರೂ ಬಾಯಿಗೆ ಹಾಕುವವಳಲ್ಲ. ಇದು ಗೊತ್ತಿದ್ದೂ ನಮ್ಮ ಯಜಮಾನರು ಅವತ್ತು ಅಣ್ಣಿಗೇರಿಯಿಂದ ನಸುಕಿನ ಬಸ್ಸಿಗೆ ಹೊರಡಿಸಿದರು. ಎಪ್ಪತ್ತರ ದಶಕದ ಒಂದು ಬೇಸಿಗೆ. ಕಪ್ಪತಗುಡ್ಡದಲ್ಲಿ ಬ್ರಿಟಿಷರು ಬಿಟ್ಟುಹೋದ ಬಂಗಾರದ ಗಣಿ ನೋಡಬೇಕೆಂದು ಅವರಿಗೂ ನನ್ನ ಮೈದುನನಿಗೂ ಹಟ. ನನ್ನ ಜಳಕವಾಗಿತ್ತು, ಪೂಜೆ ಆಗಿರಲಿಲ್ಲ.

“ಗಣಿ ಬಂಗ್ಲೇದಾಗ ಬಾವಿ ಐತಿ, ಅಲ್ಲೇ ಪೂಜಾ ಮಾಡ್ಕೊ. ಬಸ್ ನಿನ್ನ ಸಲುವಾಗಿ ನಿಲ್ಲಂಗಿಲ್ಲ” ಎಂದರು. ನಂಬಿದೆ.

ಬಸ್ಸಿಳಿದರೆ ಬರೀ ಬೋಳು ಗುಡ್ಡ. ನೆರಳೆಂಬುದಿಲ್ಲ. ಒಣಹುಲ್ಲಿನ ಮುಳ್ಳು ಸೀರೆಯಂಚಿಗೆಲ್ಲ ಹತ್ತಿತು. ಪುಣ್ಯಕ್ಕೆ ಕಾಲಲ್ಲಿ ಚಪ್ಪಲಿ ಇದ್ದವು.

“ಇನ್ನೆಷ್ಟು ದೂರರಿ?”

“ಇಲ್ಲೇ, ಈಗ ಬಂತು.”

ಪ್ರತಿ ದಿಬ್ಬಕ್ಕೂ ಅದೇ ಉತ್ತರ. ನಡುವೆ ಅಣ್ಣತಮ್ಮ ಇಬ್ಬರೂ ಬುತ್ತಿ ಬಿಚ್ಚಿ ರೊಟ್ಟಿ ತಿಂದು, ಪೂಜೆಗೆಂದು ನಾನು ಹೊತ್ತಿದ್ದ ತಂಬಿಗೆಗೇ ಬಾಯಿ ಹಚ್ಚಿ ಕುಡಿದರು. ಕೇಳಿದರೆ, “ಬಾವಿ ಐತಲ್ಲ!”

ಗಣಿಯ ಹತ್ತಿರ ಬಂಗಲೆಯದೆಂದು ಉಳಿದ ಅರ್ಧ ಗೋಡೆ, ತುಕ್ಕು ಹಿಡಿದ ಒಂದು ಗಾಲಿ, ಮತ್ತು ಬಾವಿ. ಮೈದುನ ಬಗ್ಗಿ ಕಲ್ಲು ಒಗೆದ. ಠಣ್ ಎಂದಿತು. ನೀರಿಲ್ಲ, ಅರ್ಧದತನಕ ಕಲ್ಲು ತುಂಬಿತ್ತು, ಅದರ ಮೇಲೆ ಪಾಪಾಸುಕಳ್ಳಿ.

“ಬಾವಿ ತುಂಬೇತೋ ಬತ್ತೇತೋ, ಯಾರನ್ನರ ಕೇಳಿದ್ರೇನ್ರಿ?” ಎಂದೆ. ಯಜಮಾನರು ಗೋಡೆ ನೋಡುತ್ತ ನಿಂತರು.

ಮೈದುನ ತಂಬಿಗೆ ಅಲ್ಲಾಡಿಸಿದ. “ವೈನಿ, ತಳದಾಗ ಒಂದ್ ಗುಟುಕ ಐತಿ. ಇವತ್ತೊಂದಿನ ಕುಡೀರಿ, ಶಿವಾ ಏನ್ ಸಿಟ್ಟಾಗಂಗಿಲ್ಲ.”

“ಅಂವ ಆಗಂಗಿಲ್ಲ. ನಾ ಆಗೇನಿ.”

ನಾಲಿಗೆ ಅಂಗುಳಕ್ಕೆ ಅಂಟಿತ್ತು. ಬಿಸಿಲು ತಾಳದೆ ಗಣಿಯ ಸುರಂಗದ ಬಾಯೊಳಗೆ ಹೋಗಿ ಕೂತೆ. ಒಳಗಿನಿಂದ ತಣ್ಣನೆ ಗಾಳಿ. ಎಲ್ಲೋ ಟಪ್ ಎಂದಿತು. ತಲೆಯೆತ್ತಿದರೆ ಬಂಡೆಯ ಬಿರುಕಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಆ ಎಂಜಲು ನೀರು ಚೆಲ್ಲಿ, ತಂಬಿಗೆಯನ್ನು ಮಣ್ಣಿನಿಂದ ತಿಕ್ಕಿ, ಬಿರುಕಿನ ಕೆಳಗಿಟ್ಟೆ.

“ಹೋಗೂಣು ನಡಿ, ಬಸ್ ತಪ್ಪತೈತಿ!” ಹೊರಗಿನಿಂದ ಯಜಮಾನರ ಕೂಗು.

“ತಪ್ಪಲಿ.”

ಅವರು ಎರಡು ಸಲ ಬಂದು ಇಣುಕಿದರು. ನಾನು ಏಳಲಿಲ್ಲ. ತಳ ಮುಚ್ಚುವಷ್ಟು ನೀರಾದಾಗ ಲಿಂಗವನ್ನು ಅಂಗೈಯಲ್ಲಿಟ್ಟು ಮಜ್ಜನ ಮಾಡಿಸಿದೆ, ವಿಭೂತಿ ಹಚ್ಚಿದೆ, ಸೆರಗಿನಲ್ಲಿ ಕಟ್ಟಿಕೊಂಡಿದ್ದ ಬಾಡಿದ ಪತ್ರಿ ಏರಿಸಿದೆ. ತೀರ್ಥ ಗಂಟಲಿಗಿಳಿದಾಗ ಕಣ್ಣು ತುಂಬಿ ಬಂದವು. ಸಿಟ್ಟು ಮಾತ್ರ ಇಳಿಯಲಿಲ್ಲ.

ಕಣ್ಣು ಬಿಟ್ಟರೆ ಅಣ್ಣತಮ್ಮ ಇಬ್ಬರೂ ಎದುರಿಗೆ ಕೂತಿದ್ದರು, ತುಟಿ ಒಣಗಿಸಿಕೊಂಡು. ತಂಬಿಗೆಯನ್ನು ಮತ್ತೆ ಬಿರುಕಿನ ಕೆಳಗಿಟ್ಟೆ.

“ತುಂಬಾಕ ಎಷ್ಟೊತ್ತಾಕ್ಕೈತಿ?” ಯಜಮಾನರು ಮೆಲ್ಲಗೆ ಕೇಳಿದರು.

“ಇಲ್ಲೇ, ಈಗ ಆತು” ಎಂದೆ.