ಬದಲಿ ಕ್ವಾಟರ್ಸ್

ವಾಸ್ಕೋ ಬಂದರಿನ ಮೇಲಿನ ದಿಣ್ಣೆಯಲ್ಲಿ ಒಂದು ಉದ್ದನೆಯ ಕಲ್ಲಿನ ಕಟ್ಟಡವಿದೆ. ಪೋರ್ಚುಗೀಸರ ಕಾಲದಲ್ಲಿ ಅದು ಸಿಪಾಯಿಗಳ ಬ್ಯಾರಕ್ಕು. ಅವರು ಹೋದಮೇಲೆ ಕೆಲಕಾಲ ಗೋದಾಮಾಗಿತ್ತಂತೆ. ಆಮೇಲೆ ಬಂದರಿನ ಕೂಲಿಯವರು ತಗಡು, ಗೋಣಿ ಅಡ್ಡಕಟ್ಟಿ ಖೋಲಿ ಮಾಡಿಕೊಂಡರು. ಅಂಥದೊಂದು ಖೋಲಿಯಲ್ಲಿ ನಾನು ಬೆಳೆದೆ.

ಗೋವಾದವರು ಅದನ್ನು ಕ್ವಾರ್ತೆಲ್ ಎನ್ನುತ್ತಿದ್ದರು. ಬ್ಯಾರಕ್ಕಿಗೆ ಅದು ಪೋರ್ಚುಗೀಸ್ ಮಾತು. ವಿಜಯಪುರದ ಕಡೆಯಿಂದ ಬಂದ ನಮ್ಮವರ ಕಿವಿಗೆ ಕ್ವಾಟರ್ಸ್ ಎಂದೇ ಬಿತ್ತು. ಕ್ವಾಟರ್ಸ್ ಎಂದರೆ ಸರಕಾರ ಕೊಟ್ಟ ಮನೆ. ಬಿಡಿಸಿದರೆ ಬದಲಿ ಕೊಡಲೇಬೇಕು. ಈ ನಂಬಿಕೆ ಇಡೀ ಖೋಲಿಸಾಲಿನದೋ, ಬರೆಯುವಾಗ ನಾನು ಹೊಂದಿಸಿಕೊಂಡದ್ದೋ, ಖಚಿತವಿಲ್ಲ. ಅವ್ವನದಂತೂ ಹೌದು.

ಮ್ಯೂಸಿಯಂ ಮಾಡುತ್ತೇವೆ, ಖಾಲಿ ಮಾಡಿ ಎಂದು ಸಾಹೇಬರೊಬ್ಬರು ಬಂದರು.

"ಆಗ್ಲಿರೀ, ಬದಲಿ ಕ್ವಾಟರ್ಸ್ ಎಲ್ಲಿ ಕೊಡಾಕತ್ತೀರಿ?" ಎಂದಳು ಅವ್ವ.

ಅದನ್ನು ನಾನು ಸಾಹೇಬರಿಗೆ ಕೊಂಕಣಿಯಲ್ಲಿ ಹೇಳಿದೆ. ಅವರು ನಕ್ಕು, "ಮೌಶಿ, ಇದು ಕ್ವಾಟರ್ಸ್ ಅಲ್ಲ, ಕ್ವಾರ್ತೆಲ್" ಎಂದರು. ಅದನ್ನು ಅವ್ವನಿಗೆ ಹೇಳಿದೆ. ನನ್ನ ಬಾಯಲ್ಲಿ ಎರಡೂ ಒಂದೇ ಆಗಿ ಕೇಳಿಸಿರಬೇಕು.

"ನಾನೂ ಅದನ್ನ ಹೇಳಾಕತ್ತೇನಲ್ಲ!"

ಪಕ್ಕದ ಖೋಲಿಯ ಖಾಲಾಳ ಬಾಯಲ್ಲಿ ನನ್ನ ಎಂ.ಎ. ಯಾವಾಗಲೂ ಎಮ್ಮೆ. "ಮಗಳು ಎಮ್ಮೆ ಆದ್ಲಂತ ಖೋಲಿ ಖೋಲಿಗೂ ಸಕ್ರಿ ಹಂಚಿದಿ. ಈಗ ಒಂದ್ ಹನಿ ಹಾಲೂ ಬರವಲ್ದು ನೋಡು!" ಎಂದು ಅವ್ವನಿಗೆ ಹೇಳಿದಳು.

ಬದಲಿ ಬರಲಿಲ್ಲ. ತಮ್ಮನ ಕಾರ್ಖಾನೆಯಿರುವ ಕುಂಕಳ್ಳಿಯಲ್ಲಿ ಬಾಡಿಗೆ ಖೋಲಿ ಹಿಡಿದೆವು.

ಮೊನ್ನೆ ಅವ್ವನನ್ನು ಮ್ಯೂಸಿಯಂಗೆ ಕರೆದೊಯ್ದೆ. ನಮ್ಮ ಖೋಲಿಯಿದ್ದಲ್ಲಿ ಗಾಜಿನ ಪೆಟ್ಟಿಗೆ, ಅದರೊಳಗೆ ಸಿಪಾಯಿಯ ಬೂಟು. ಗೋಡೆಯ ಕಬ್ಬಿಣದ ಕೊಂಡಿ ಬಂದೂಕು ತೂಗುಹಾಕಲು ಎಂದು ಫಲಕ ಹೇಳುತ್ತದೆ. ನಮ್ಮ ತೊಟ್ಟಿಲ ಹಗ್ಗ ಅದಕ್ಕೇ ಕಟ್ಟಿತ್ತು. ಅದರಲ್ಲಿ ತೂಗಿಸಿಕೊಂಡದ್ದು ನೆನಪಿದೆ ಎಂದೇ ತಿಳಿದಿದ್ದೆ. ತೊಟ್ಟಿಲ ಕೂಸಿಗೆ ಏನು ನೆನಪಿರುತ್ತದೆ? ನಾನು ತಮ್ಮನನ್ನು ತೂಗಿದ್ದಿರಬೇಕು. ಫಲಕದ ಚರಿತ್ರೆಯಲ್ಲಿ ಗೋದಾಮಿನ ನಂತರ ನೇರವಾಗಿ ದುರಸ್ತಿ.

ಅವ್ವ ಬೂಟು ನೋಡುತ್ತ ಕಾವಲಿನವನನ್ನು ಕೇಳಿದಳು: "ತಮ್ಮಾ, ಈ ಸಿಪಾಯಿಗಳಿಗೆ ಬದಲಿ ಎಲ್ಲಿ ಕೊಟ್ರು?"

"ಅವರು ತಮ್ಮ ದೇಶಕ್ಕ ಹ್ವಾದ್ರಂತ್ರಿ, ಅವ್ವಾರ." ಅವನು ಬಾಗಲಕೋಟೆಯವ.

"ನಿನಗರೆ ಕ್ವಾಟರ್ಸ್ ಕೊಟ್ಟಾರೇನಪಾ?"

"ಎಲ್ಲೀದ್ರಿ. ಬಾಡಿಗಿ ಖೋಲಿ."

ಅವ್ವ ಕಾಲು ನೋಯುತ್ತಿದೆ ಎಂದು ಕೊಂಡಿಯ ಕೆಳಗೆ ಗೋಡೆಗೆ ಒರಗಿ ಕೂತಳು. ಅಲ್ಲಿ ಕೂರಬಾರದೆಂದು ಅವನು ಹೇಳಬೇಕಿತ್ತು. ಅವನಿಗೂ ದಣಿವಾಗಿತ್ತೋ ಏನೋ, ಹೇಳಲಿಲ್ಲ.