ಸೆರಗಷ್ಟೇ ನೇಯುತ್ತಿದ್ದ ಈರಪ್ಪ ಕಾಕಾ

ಈರಪ್ಪ ಕಾಕಾ ಒಂದು ಇಡೀ ಸೀರೆ ನೇಯ್ದದ್ದನ್ನು ನಾನು ನೋಡಿಯೇ ಇಲ್ಲ. ಅವರು ನೇಯುತ್ತಿದ್ದದ್ದು ಸೆರಗು ಮಾತ್ರ. ಬೆಳಿಗ್ಗೆ ಕುಳಿತರೆ ಕೆಂಪು ಸೆರಗಿನ ಮೇಲೆ ಬಿಳಿ ಎಳೆಯ ತೋಪು ತೆನೆಯ ಚಿತ್ತಾರ ಒಂದೊಂದಾಗಿ ಮೇಲೇಳುತ್ತಿತ್ತು, ಗೋಪುರದ ಪಕ್ಕ ಗೋಪುರ. ಸಂಜೆ ಸೇಠನ ಸೀರೆ ಪ್ರದರ್ಶನದ ಬಾಗಿಲು ಹಾಕುವ ಹೊತ್ತಿಗೆ ಅವರೇ ಕೂತು ಹೊಕ್ಕಿನ ಎಳೆಗಳನ್ನೆಲ್ಲ ಬಿಚ್ಚಿ ಮತ್ತೆ ಕಂಡಿಕೆಯ ಕೊಳವೆಗೆ ಸುತ್ತಿಬಿಡುತ್ತಿದ್ದರು. ಮರುದಿನ ಮತ್ತೆ ಅದೇ ಸೆರಗು, ಅದೇ ಗೋಪುರ.

"ಸೀರಿ ಒಡಲು ಯಾರು ನೋಡ್ತಾರ ತಂಗಿ? ಬರೇ ಬಯಲು. ತೋಪು ತೆನಿ ಏಳಾಕತ್ತಿದ್ರ ಮಂದಿ ನಿಲ್ತೈತಿ. ನಿಂತ ಮಂದಿ ಒಳಗ ಹೋಗ್ತೈತಿ. ಸೇಠಗ ಬೇಕಾದ್ದು ಅಷ್ಟ," ಎಂದು ಅವರೇ ನನಗೆ ಹೇಳಿದ್ದರು. ಹೇಳುವಾಗ ನಗುತ್ತಿದ್ದರು. ನನಗೂ ಆಗ ನಗು ಬಂದಿತ್ತು.

ನಾನು ಅವರನ್ನು ಮೊದಲು ಕಂಡದ್ದು ಅಹಮದಾಬಾದಿನ ಬೋಡಕ್‌ದೇವ್‌ನಲ್ಲಿ, ನನ್ನ ಬಾಡಿಗೆ ಫ್ಲ್ಯಾಟಿನ ಹಿಂದಿನ ಬೀದಿಯ ಸಭಾಂಗಣದಲ್ಲಿ. ಆಫೀಸು ಮುಗಿಸಿ ಬರುವಾಗ ಗುಜರಾತಿಯಲ್ಲಿ ದೊಡ್ಡ ಬ್ಯಾನರು ಕಣ್ಣಿಗೆ ಬಿತ್ತು: ಕರ್ನಾಟಕದ ಇಳಕಲ್ ಕೈಮಗ್ಗದ ಸೀರೆಗಳು, ನೇಕಾರರಿಂದ ನೇರವಾಗಿ ನಿಮ್ಮ ಮನೆಗೆ. ಬಾಗಿಲಲ್ಲೇ ಮಗ್ಗ. ಮಗ್ಗದ ಮುಂದೆ ಬಿಳಿ ಧೋತರ, ಗಾಂಧಿ ಟೋಪಿ, ಕಿವಿಯ ಮೇಲೆ ಕೂದಲು ಬೆಳೆದ ಮುದುಕ. ಕೊರಳಲ್ಲಿ ಇಷ್ಟಲಿಂಗದ ಕರಡಿಗೆ. ಗುಜರಾತಿ ಹೆಂಗಸರು ಸುತ್ತ ನಿಂತು ಫೋಟೊ ಹಿಡಿಯುತ್ತಿದ್ದರು. ಮಗ್ಗ ನಿಜ, ಮುದುಕ ನಿಜ, ಅವರ ಕೈಯಲ್ಲಿದ್ದ ನೂಲೂ ನಿಜ. ಒಳಗೆ ಮೇಜಿನ ಮೇಲೆ ರಾಶಿ ಬಿದ್ದಿದ್ದ ಸೀರೆಗಳು ಮಾತ್ರ ಸೂರತ್ತಿನ ಯಂತ್ರದ ಮಗ್ಗದಲ್ಲಿ ನೇಯ್ದ ಪಾಲಿಯೆಸ್ಟರು.

ಇದು ನನಗೆ ಗೊತ್ತಾದದ್ದು ಅವರಿಂದಲೇ. ನಾನು ಗದಗಿನವಳು, ಹಾಗೆಂದು ಸೀರೆ ಮುಟ್ಟಿ ಹೇಳುವಷ್ಟು ತಿಳಿದವಳಲ್ಲ. ಮೇಜಿನ ಮೇಲಿಂದ ಒಂದನ್ನೆತ್ತಿ, ಅಮ್ಮನಿಗೆ ವಿಡಿಯೊ ಕರೆ ಮಾಡಿ, "ಅವ್ವಾ, ಇಳಕಲ್ ಸೀರಿ ಬಂದಾವ ನೋಡಿಲ್ಲೆ" ಎಂದು ಕೂಗುತ್ತಿದ್ದೆ. ಲಾಳಿ ಓಡಿಸುತ್ತಿದ್ದ ಮುದುಕ ತಲೆ ಎತ್ತಲಿಲ್ಲ. ಮುಖದ ಮೇಲೆ ಗಿರಾಕಿಗೆ ಹಂಚುವ ನಗು ಹಾಗೇ ಇತ್ತು. ಆ ನಗುವಿನೊಳಗಿಂದಲೇ, ಸೀರೆಯನ್ನು ಹೊಗಳುವ ಧಾಟಿಯಲ್ಲಿ ಮಾತು ಬಂತು: "ಕೆಳಗ ಇಡು ತಂಗಿ. ಸೂರತ್ತಿನ ಮಾಲು ಅದು. ಮಗ್ಗದ ಮಾರಿನೂ ನೋಡಿಲ್ಲ."

ಸೇಠ ಪಕ್ಕದಲ್ಲೇ ನಿಂತಿದ್ದ. ಅವನಿಗೆ ಒಂದಕ್ಷರ ತಿಳಿಯಲಿಲ್ಲ. "ಕಾಕಾ ನಿಮ್ಮ ಭಾಷೆಯಲ್ಲಿ ಆಶೀರ್ವಾದ ಮಾಡ್ತಿದ್ದಾರೆ" ಎಂದು ಹಿಂದಿಯಲ್ಲಿ ನನಗೆ ಅರ್ಥ ಬೇರೆ ಹೇಳಿದ. ನಾನು ನಗು ತಡೆದುಕೊಂಡು ಹೊರಗೆ ಓಡಿಬಂದೆ.

ಅಂದಿನಿಂದ ಕಾಕಾ ನಮ್ಮವರಾದರು. ಅಲ್ಲಿ ಕಾಕಾ ಅಂದರೆ ಗುಜರಾತಿಗಳಿಗೂ ಚಿಕ್ಕಪ್ಪನೇ, ನಮಗೂ ಚಿಕ್ಕಪ್ಪನೇ. ಪ್ರದರ್ಶನ ಅಹಮದಾಬಾದಿಗೆ ಬಂದಾಗಲೆಲ್ಲ ನಾನು ಜೋಳದ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಹೋಗುತ್ತಿದ್ದೆ. ಅವರು ಲಾಳಿ ಕೆಳಗಿಟ್ಟು ಮಗ್ಗದ ಮರೆಯಲ್ಲಿ ಕೂತು ಉಣ್ಣುತ್ತಿದ್ದರು. "ಇವ್ರ ಬ್ಯಾಳಿಗೆ ಬೆಲ್ಲ, ಪಲ್ಯಾಕ್ಕ ಬೆಲ್ಲ. ನಾಲಿಗಿ ಖಾರ ಮರತು ಹೋಗೈತಿ ನೋಡು" ಎಂದು ಚಟ್ನಿಯನ್ನು ಬೆರಳಿನಿಂದ ಬಳಿದು ತಿನ್ನುತ್ತಿದ್ದರು. ಚಹಾವನ್ನು ಬಸಿಗೆ ಸುರಿದು ಊದಿ ಕುಡಿಯುವುದು, ಕುಡಿದ ಮೇಲೆ ಧೋತರದ ಚುಂಗಿನಿಂದ ಮಗ್ಗದ ಮರ ಒರೆಸುವುದು. ಮರದ ಮೇಲೆ ಒಂದು ಹನಿ ಬಿದ್ದರೂ ಸಹಿಸುತ್ತಿರಲಿಲ್ಲ.

ಊರಲ್ಲಿ ಅವರದು ಕುಣಿಮಗ್ಗ, ನೆಲದ ಕುಣಿಯಲ್ಲಿ ಕಾಲಿಳಿಸಿ ಕೂತು ನೇಯುವಂಥದ್ದು, ಅಪ್ಪನಿಂದ ಬಂದದ್ದು. ಕಡಿಮೆ ಬೆಲೆಗೆ ಸೂರತ್ತಿನ ಸೀರೆ ಇಳಕಲ್ಲಿನ ಹೆಸರಲ್ಲೇ ಬಂದು ಪೇಟೆ ತುಂಬಿದ ಮೇಲೆ ಅದು ನಿಂತಿತು. ಹೊಟ್ಟೆಪಾಡಿಗೆ ಅದೇ ಸೂರತ್ತಿಗೆ ಬಂದು ಯಂತ್ರದ ಮಗ್ಗದ ಶೆಡ್ಡಿನಲ್ಲಿ ನಿಂತರು. ಅಲ್ಲಿನ ಸದ್ದಿಗೆ ಎಡಗಿವಿ ಮಂದವಾಯಿತು. ಅಲ್ಲಿಂದ ಸೇಠ ಅವರನ್ನು ಹೆಕ್ಕಿ ತಂದು ಟೋಪಿ ಹಾಕಿ ಬಾಗಿಲಲ್ಲಿ ಕೂಡಿಸಿದ್ದ. ತನ್ನ ಬದುಕನ್ನು ನುಂಗಿದ ಮಾಲಿಗೆ ತಾನೇ ಸಾಕ್ಷಿಯಾಗಿ ಕೂರುವುದೆಂದರೆ ಹೇಗಿರುತ್ತದೋ ನನಗೆ ಗೊತ್ತಿಲ್ಲ. ಕೇಳಿದರೆ ಅವರು ಹೇಳುತ್ತಿದ್ದದ್ದು ಒಂದೇ ಮಾತು: "ಬಾಯಿಲೆ ನಾ ಒಂದು ಸುಳ್ಳೂ ಹೇಳಿಲ್ಲ ತಂಗಿ. ಬಾಯಿ ಮುಚ್ಚಿ ನೇಯ್ತೀನಿ. ಹೇಳೂದೆಲ್ಲ ಸೇಠನ ಬಾಯಿ."

ಸೇಠನ ಕಸುಬಿನ ಒಳಗುಟ್ಟುಗಳನ್ನು ಅವರು ಬಾಯಿ ಚಪ್ಪರಿಸಿಕೊಂಡು ಹೇಳುತ್ತಿದ್ದರು. ಕನ್ನಡಿಯ ಮೇಲಿನ ಹಳದಿ ದೀಪ ಯಾಕೆ, ಪಾಲಿಯೆಸ್ಟರೂ ರೇಷ್ಮೆಯಾಗಿ ಮಿನುಗಲಿ ಎಂದು. ಬಂದವರಿಗೆ ಕೂಡಲೇ ಚಹಾ ಯಾಕೆ, ಕುಡಿದ ಮೇಲೆ ಬರಿಗೈಯಲ್ಲಿ ಏಳಲು ನಾಚಿಕೆಯಾಗಲಿ ಎಂದು. ಒಮ್ಮೆ ವಡೋದರಾದ ಆಲ್ಕಾಪುರಿಯಲ್ಲಿ, ನಾನು ಕಚೇರಿ ಕೆಲಸಕ್ಕೆ ಹೋದಾಗ, ಅಲ್ಲಿಗೆ ಬಂದಿದ್ದ ಇದೇ ಪ್ರದರ್ಶನದ ಮುಂದೆ "ಇಂದೇ ಕೊನೆಯ ದಿನ" ಎಂಬ ಬೋರ್ಡು ತೂಗುತ್ತಿತ್ತು. ಗಾಬರಿಯಾಗಿ, "ಕಾಕಾ, ನಾಳೆ ಹೊಂಟ್ರೇನು?" ಎಂದೆ. "ಆ ಬೋರ್ಡು ನಾವು ಬಂದ ದಿನಾನ ಕಟ್ಟೇವಿ. ಹೋಗೂ ದಿನ ಬಿಚ್ಚತೀವಿ," ಎಂದರು.

ಅದೇ ದಿನ ಒಬ್ಬ ವಯಸ್ಸಾದ ಗುಜರಾತಿ ಹೆಂಗಸು ಸೀರೆ ಕೊಂಡು ಬಂದು, ನೇಯ್ದವರು ಇವರೇ ಎಂದು ತಿಳಿದು, ಕಾಕಾನ ಕಾಲು ಮುಟ್ಟಿ ನಮಸ್ಕರಿಸಿದರು. ಕಾಕಾ ಆಕೆಯ ತಲೆಯ ಮೇಲೆ ಕೈಯಿಟ್ಟರು. ಆಕೆ ಹೋದ ಮೇಲೆ ನಾನು ಏನೋ ಚೇಷ್ಟೆ ಮಾಡಹೋದೆ. "ಸುಮ್ನಿರು" ಎಂದು ಗದರಿಸಿದರು.

ಕನ್ನಡದವರಿಗೆ ಮಾತ್ರ ಅವರು ಸತ್ಯ ಹೇಳುತ್ತಿದ್ದರು. ಈ ವಿಷಯ ನಮ್ಮ ವಾಟ್ಸಾಪ್ ಗುಂಪಿನಲ್ಲೆಲ್ಲ ಹರಡಿತ್ತು. ಸಂಶೋಧನಾ ಸಂಸ್ಥೆಗಳ ಕಾಲೊನಿಯ ಹೆಂಗಸರು, ಕಂಪನಿಯ ಹುಡುಗಿಯರು, ಎಲ್ಲರೂ ಹೋಗಿ ಕನ್ನಡದಲ್ಲಿ "ಕಾಕಾ, ಹೆಂಗದೀರಿ?" ಎಂದು ನಿಲ್ಲುವುದು. ಕಾಕಾ ನಗುನಗುತ್ತ "ಬ್ಯಾಡ್ರೆವ್ವಾ" ಎನ್ನುವುದು. ನಾವು ನಮ್ಮ ಜಾಣತನಕ್ಕೆ ನಾವೇ ಬೆನ್ನು ತಟ್ಟಿಕೊಂಡು ಹೊರಬರುವುದು. ಭಾಷೆಯೊಂದು ಇದ್ದರೆ ಸಾಕು, ಪರವೂರಿನಲ್ಲಿ ಯಾರೂ ನಮಗೆ ಮೋಸ ಮಾಡಲಾರರು ಎಂದು ನಾವು ತಿಳಿದಿದ್ದೆವು.

ಆಮೇಲೆ ನನ್ನ ತಂಗಿ ಸವಿತಾಳ ಕುಬಸಕ್ಕೆ ದಿನ ನಿಗದಿಯಾಯಿತು. ನಮ್ಮ ಕಡೆ ಬಸುರಿಗೆ ಕುಬಸ ಮಾಡುವಾಗ ಹಸಿರು ಸೀರೆ ಉಡಿಸಿ ಉಡಿ ತುಂಬುತ್ತಾರೆ. ಸೀರೆ ನನ್ನದು ಎಂದು ನಾನು ಹಟ ಹಿಡಿದಿದ್ದೆ. ಆ ಸಲದ ಪ್ರದರ್ಶನಕ್ಕೆ ಹೋಗಿ ಕಾಕಾಗೆ ಹೇಳಿದೆ. ಅವರು ಎಂದಿನಂತೆ ಮೇಜಿನ ಕಡೆ ಕಣ್ಣು ಹೊರಳಿಸಿ, "ಅಲ್ಲಿ ಬ್ಯಾಡ" ಎಂದರು. ಆಮೇಲೆ ಬಗ್ಗಿ ಮಗ್ಗದ ಕೆಳಗಿಂದ ಬಿಳಿ ಬಟ್ಟೆಯ ಗಂಟೊಂದನ್ನು ಎಳೆದರು. "ಇವು ಊರಿಂದ ತರಿಸೀನಿ. ನಮ್ಮ ಮಂದಿಗಂತ. ಸೇಠಗ ಹೇಳಬ್ಯಾಡ."

ಹಸಿರು ಒಡಲು, ಕೆಂಪು ಸೆರಗು. ಒಡಲಿಗೂ ಸೆರಗಿಗೂ ಎಳೆಗೆ ಎಳೆ ಸಿಕ್ಕಿಸುವ ಕೊಂಡಿ ಇಳಕಲ್ಲಿನ ಗುರುತು, ಯಂತ್ರಕ್ಕೆ ಅದು ಬಾರದು ಎಂದು ಅವರೇ ಹಿಂದೆ ಕಲಿಸಿದ್ದರು. ನನ್ನ ಬೆರಳನ್ನು ಹಿಡಿದು ಆ ಜಾಗದ ಮೇಲೆ ಇಟ್ಟರು. ಉಬ್ಬು ಸಿಕ್ಕಿತು. ಅಷ್ಟರಲ್ಲಿ ಸೇಠ ದೂರದಿಂದ ನೋಡಿ, "ಕಾಕಾ, ಅದೇನು ಗುಸುಗುಸು?" ಎಂದು ಹಿಂದಿಯಲ್ಲಿ ಸಿಡುಕಿದ. ಕಾಕಾ ಹೆದರಿದವರಂತೆ ಗಂಟು ಒಳಗೆ ತಳ್ಳಿದರು. ಪಾಪದ ಮುದುಕ, ನನ್ನ ಸಲುವಾಗಿ ಅನ್ನಕ್ಕೆ ಕಲ್ಲು ಹಾಕಿಕೊಳ್ಳುತ್ತಿದ್ದಾರಲ್ಲ ಎಂದು ನನ್ನ ಜೀವ ಚುರುಗುಟ್ಟಿತು. ಅವರು ಹೇಳಿದ ಬೆಲೆಯನ್ನು ಎರಡನೇ ಮಾತಾಡದೆ ಕೊಟ್ಟು, ಸೀರೆಯನ್ನು ಓಢಣಿಯಲ್ಲಿ ಮುಚ್ಚಿಕೊಂಡು ಕಳ್ಳಿಯ ಹಾಗೆ ಹೊರಬಂದೆ.

ಕುಬಸದ ದಿನ ಸವಿತಾ ಆ ಸೀರೆಯಲ್ಲಿ ಬಹಳ ಚೆಂದ ಕಾಣುತ್ತಿದ್ದಳು. ಮುತ್ತೈದೆಯರು ಆರತಿ ಎತ್ತಿ ತಟ್ಟೆಯನ್ನು ಮಣೆಯ ಪಕ್ಕ ಇಟ್ಟರು. ಅವಳು ಎರಡೂ ಕೈಯಲ್ಲಿ ಸೆರಗು ಹಿಡಿದು ಒಡ್ಡಿದಳು. ಅಮ್ಮ ಅಕ್ಕಿ, ಕೊಬ್ಬರಿ, ಉತ್ತತ್ತಿ ಹಾಕುತ್ತಿದ್ದಳು. ಸೆರಗಿನ ತುದಿ ಯಾವಾಗ ದೀಪಕ್ಕೆ ತಗುಲಿತೋ ಯಾರೂ ನೋಡಲಿಲ್ಲ. ಹತ್ತಿ ರೇಷ್ಮೆ ಆಗಿದ್ದರೆ ಹೊತ್ತಿಕೊಂಡ ತುದಿಯನ್ನು ಕೈಯಿಂದ ಹೊಸಕಿ ಆರಿಸಬಹುದಿತ್ತು, ಬೂದಿಯಾಗಿ ಉದುರುತ್ತಿತ್ತು. ಇದು ಉದುರಲಿಲ್ಲ. ಕರಗಿತು. ಕರಗಿ, ಕುದಿಯುವ ಬೆಲ್ಲದ ಪಾಕದಂತೆ ಅವಳ ಬಲಗೈಗೆ ಮುಂಗೈಯಿಂದ ಮೊಣಕೈವರೆಗೆ ಅಂಟಿಕೊಂಡಿತು. ಕಿತ್ತರೆ ತೊಗಲೂ ಬರುತ್ತಿತ್ತು. ಅವಳ ಆ ಕೂಗನ್ನು ನಾನು ಇಲ್ಲಿ ಬರೆಯಲಾರೆ.

ಆಸ್ಪತ್ರೆಯ ಹೊರಗೆ ಬೆಂಚಿನ ಮೇಲೆ ಕೂತು ಅಮ್ಮ ಮೆಲ್ಲಗೆ ಅಂದಳು, "ಮುಟ್ಟಿದ ಕೂಡ್ಲೇ ಗೊತ್ತಾಗಿತ್ತವ್ವಾ ನನಗ. ಅಷ್ಟ ದೂರದಿಂದ ಪ್ರೀತಿಲೆ ತಂದೀದಿ. ಮಂದಿ ಮುಂದ ಹೆಂಗ ಹೇಳ್ಲಿ?"

ಹೊಟ್ಟೆಯ ಕೂಸಿಗೆ ಏನೂ ಆಗಲಿಲ್ಲ. ಸವಿತಾಳ ಕೈ ಮೊದಲಿನಂತಾಗಲಿಲ್ಲ. ಈಗಲೂ ಮಗುವನ್ನು ಎಡಗೈಯಲ್ಲೇ ಎತ್ತಿಕೊಳ್ಳುತ್ತಾಳೆ.

ಕಾಕಾನನ್ನು ಹುಡುಕಿಕೊಂಡು ನಾನು ಸೂರತ್ತಿಗೇ ಹೋದೆ. ಆ ವಾರ ಪ್ರದರ್ಶನ ಅಲ್ಲಿತ್ತು. ಅದೇ ಮಗ್ಗ, ಅದೇ ಟೋಪಿ. ನನ್ನನ್ನು ಕಂಡು, "ರೊಟ್ಟಿ ತಂದೀಯೇನು ತಂಗಿ?" ಎಂದರು. ನಾನು ನಡೆದದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದೆ. ಅವರು ಲಾಳಿ ಕೆಳಗಿಟ್ಟರು.

"ಕೂಸು?"

"ಆರಾಮೈತಿ."

"ಕೈ?"

"ಸುಟ್ಟೈತಿ ಕಾಕಾ. ನೀವು ಕೊಟ್ಟ ಸೀರಿ ಸುಟ್ಟೈತಿ."

ಅವರು ಮಗ್ಗದ ಮರವನ್ನು ಅಂಗೈಯಿಂದ ಒರೆಸುತ್ತ ಕೂತರು. ಆಮೇಲೆ ಅಂದರು, "ನಿಮಗೆಲ್ಲ ಖರೇ ಹೇಳಿ ಕಳಸ್ತಿದ್ದೆ. ಕನ್ನಡದ ಮಂದಿ ಬಂದು ಬರೇ ಮಾತಾಡಿ ಹೋಗ್ತಾರ, ಒಬ್ಬರೂ ಕೊಳ್ಳಂಗಿಲ್ಲ ಅಂತ ಸೇಠಗ ಸಂಶಾ ಬಂತು. ಮಗ್ಗ ಎತ್ತಿ ಹೊರಗ ಒಗೀತೀನಿ ಅಂದ. ಆಗ ನಾನಽ ಹೇಳಿಕೊಟ್ಟೆ ಅವಗ. ಇವ್ರು ಬೋರ್ಡು ನಂಬಂಗಿಲ್ಲ, ನಿನ್ನ ಮಾತೂ ನಂಬಂಗಿಲ್ಲ. ಮೊದ್ಲು ಒಂದು ಬ್ಯಾಡ ಅನ್ನಬೇಕು, ಆಮ್ಯಾಲೆ ಕದ್ದು ಇನ್ನೊಂದು ಕೊಡಬೇಕು, ಅಂದ್ರ ನಂಬ್ತಾರ ಅಂತ. ಕೊಂಡಿ ಹಂಗ ಕಾಣೂ ಹೊಲಿಗಿ ಹೆಂಗ ಹಾಕಬೇಕಂತನೂ ನಾನಽ ತೋರಿಸಿದೆ."

"ಸೇಠ ಸಿಡುಕಿದ್ದು?"

"ಅದೂ ಆಟಾನ."

ನನಗೆ ಮೈಯೆಲ್ಲ ಉರಿಯಿತು. "ಬಾಯಿಲೆ ಸುಳ್ಳು ಹೇಳಂಗಿಲ್ಲ ಅಂತಿದ್ರಲ್ಲ ಕಾಕಾ? ಹೊಟ್ಟಿಗೆ ಇಲ್ಲ ಅಂದಿದ್ರ ನಾವೆಲ್ಲ ಸೇರಿ ನೋಡ್ತಿರಲಿಲ್ಲೇನು?"

"ಹೊಟ್ಟಿಗಲ್ಲವಾ," ಎಂದರು. "ಊರಾಗಿನ ಮಗ್ಗ ಒಲಿ ಕಟಗಿಗೆ ಹೋತು. ಮುಂಜಾನೆದ್ದು ಕೂಡಾಕ ನನಗ ಇರೂದು ಇದೊಂದಽ. ಇದನ್ನ ಬಿಟ್ರ ನಾ ಯಾರು ಹೇಳು?"

ನನಗೆ ಅವರ ಮೇಲೆ ಕನಿಕರ ಹುಟ್ಟಿತು. ಹುಟ್ಟಿದ್ದಕ್ಕೆ ಇನ್ನಷ್ಟು ಸಿಟ್ಟು ಬಂತು. ಎದ್ದು ಹೊರಡುವುದರಲ್ಲಿದ್ದೆ. ಅಷ್ಟರಲ್ಲಿ ಊರಾಚೆಯ ಹಜೀರಾದ ಕಂಪನಿ ಕಾಲೊನಿಯಿಂದ ಬಂದ ಒಬ್ಬ ನಡುವಯಸ್ಸಿನ ಹೆಂಗಸು ಮಗ್ಗದ ಮುಂದೆ ನಿಂತು, "ಅಜ್ಜಾರ, ನಮ್ಮ ಕಡ್ಯಾವ್ರೇನ್ರಿ? ನಾನು ಹುನಗುಂದದಾಕಿ. ಮಗಳ ಕುಬಸ ಐತ್ರಿ, ಒಂದು ಚೆಂದಂದು ಹಸರು ಸೀರಿ ಬೇಕಿತ್ತು," ಎಂದರು.

ಕಾಕಾ ನನ್ನ ಕಡೆ ನೋಡಿದರು. ನಾನೂ ನೋಡಿದೆ.

ನಾನೇ ಹೇಳಿದೆ. "ಬ್ಯಾಡ್ರಿ ಅಕ್ಕಾರ. ಇಲ್ಲಿ ಇರೂವೆಲ್ಲ ಪಾಲಿಯೆಸ್ಟರು. ಮೇಜಿನ ಮ್ಯಾಲಿನೂವೂ, ಗಂಟಿನಾಗಿನೂವೂ. ನನ್ನ ತಂಗಿ ಕೈ ಸುಟ್ಟೈತಿ."

ಆ ಹೆಂಗಸು ಗಲಿಬಿಲಿಗೊಂಡು ಕಾಕಾನತ್ತ ತಿರುಗಿದರು. "ಅಜ್ಜಾರ, ಈಕಿ ಹೇಳೂದು ಖರೇ ಏನ್ರಿ?"

ಕಾಕಾ ಹೌದು ಎನ್ನಲಿಲ್ಲ. ಅಲ್ಲ ಎಂದೂ ಅನ್ನಲಿಲ್ಲ. ಎರಡೂ ಅಂಗೈ ಬಿಚ್ಚಿ ಆಕೆಯ ಮುಂದೆ ಚಾಚಿದರು. "ಈ ಕೈ ನೋಡ್ರಿ ತಾಯಿ," ಎಂದರು.

ಆಕೆ ನೋಡಿದರು. ಎಳೆ ಎಳೆದು ಬೆರಳಿನ ಸಂದಿಯಲ್ಲಿ ಬಿದ್ದ ಗೀರು, ದಡ್ಡುಗಟ್ಟಿದ ಅಂಗೈ, ಅರವತ್ತು ವರ್ಷ ಲಾಳಿ ಹಿಡಿದು ಸೊಟ್ಟಗಾದ ಹೆಬ್ಬೆರಳು. ಆಕೆಯ ಕಣ್ಣು ತುಂಬಿಕೊಂಡವು. "ನಮ್ಮಪ್ಪನ ಕೈನೂ ಹಿಂಗಽ ಇದ್ದೂ," ಎಂದರು. ಆಮೇಲೆ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಬಾಜೂ ಅಂಗಡ್ಯಾಕಿ ಏನವಾ ನೀನು? ವಯಸ್ಸಾದವ್ರ ಹೊಟ್ಟಿ ಮ್ಯಾಲೆ ಹೊಡೀಬಾರ್ದು," ಎಂದರು.

ಕಾಕಾ ಬಗ್ಗಿ, ಮಗ್ಗದ ಕೆಳಗೆ ಕೈ ಹಾಕಿ, ಗಂಟಿನಿಂದ ಹಸಿರು ಸೀರೆಯೊಂದನ್ನು ಹೊರಗೆ ತೆಗೆದರು.