ಗಾಜಿನ ಹಿಂದೆ ಬಿಪುಲ್, ಗೋಡೆಯ ಹಿಂದೆ ಡೆಲ್ಸಿ

ಹಾನುಬಾಳಿನ ಮೊದಲ ಬಸ್ಸು ಸಕಲೇಶಪುರಕ್ಕೆ ಬಂದಾಗ ಇನ್ನೂ ಮಂಜು ಕರಗಿರುವುದಿಲ್ಲ. ಬಸ್ಸಿಳಿದ ಡೆಲ್ಸಿ ಹೆದ್ದಾರಿ ಬದಿಯ ಮೊಮೊ ಹೋಟೆಲ್ಲಿನ ಷಟರ್ ಎತ್ತಿ, ಒಳಗಿಂದ ಬಕೆಟ್ಟು ಹಿಡಿದು ಮತ್ತೆ ರಸ್ತೆಗೇ ಬರುತ್ತಾರೆ. ಮೊಮೊ ಮಡಚುವುದನ್ನು ಹೋಗಿಬರುವ ಜನ ನೋಡಲಿ ಎಂದು ಮಾಲೀಕರು ಅಡುಗೆಮನೆಯ ಮುಂಗೋಡೆಗೆ ಆಳೆತ್ತರದ ಗಾಜು ಹಾಕಿಸಿದ್ದಾರೆ. ರಾತ್ರಿಯೆಲ್ಲ ಲಾರಿಗಳು ಎರಚಿದ ಕೆಸರನ್ನು ಡೆಲ್ಸಿ ಹೊರಗಿನಿಂದ ತೊಳೆಯುತ್ತಾರೆ, ಒಳಗಿನಿಂದ ಒರೆಸುತ್ತಾರೆ. ಗಾಜು ಫಳಫಳ ಅಂದಮೇಲೆ ಅವರು ಅದರ ಹತ್ತಿರ ಸುಳಿಯುವಂತಿಲ್ಲ.

ಅವರ ಜಾಗ ಹಿಂದಿನ ಸ್ಟೋರ್ ರೂಮು. ಗ್ಯಾಸ್ ಸಿಲಿಂಡರುಗಳ ಪಕ್ಕ ಎರಡು ಕ್ರೇಟು, ಅದರ ಮೇಲೆ ಅಡ್ಡ ಹಾಕಿದ ಹಳೆಯ ಬೋರ್ಡು, ಅದೇ ಅವರ ಮೇಜು. ಬೋರ್ಡಿನ ಮೇಲೆ ಬಣ್ಣ ಹೋದ ಡ್ರಾಗನ್ ಒಂದಿದೆ. ಈ ಕಟ್ಟಡದಲ್ಲಿ ಮೊದಲು ತೆರೆದ ಚೈನೀಸ್ ಹೋಟೆಲ್ಲಿನ ಬೋರ್ಡು ಅದು. ಆ ಹೋಟೆಲ್ ಮುಚ್ಚಿ ಮೊಮೊದವರು ಬಂದರು, ಅವರು ಹೋಗಿ ಥಾಯ್ ಊಟದವರು ಬಂದರು, ಈಗ ಮತ್ತೆ ಮೊಮೊ. ಮಳೆಗಾಲದಲ್ಲಿ ಘಾಟಿ ಕುಸಿದು ರಸ್ತೆ ಬಂದ್ ಆಯಿತೆಂದರೆ ರೆಸಾರ್ಟಿನ ಜನ ಬರುವುದು ನಿಲ್ಲುತ್ತದೆ, ಮಾಲೀಕರ ಹುರುಪೂ ಇಳಿಯುತ್ತದೆ. ಬೀಗ ಹಾಕುವ ದಿನ ಶೆಫ್ ಜೊತೆ ಫೋಟೋ ತೆಗೆಸಿಕೊಂಡು ಹೊರಡುತ್ತಾರೆ. ಒಂದು ಫೋಟೋದಲ್ಲೂ ಡೆಲ್ಸಿ ಇಲ್ಲ, ಎಲ್ಲ ಹೋಟೆಲ್ಲಿನಲ್ಲೂ ದುಡಿದವರು ಮಾತ್ರ ಅವರೊಬ್ಬರೇ.

ಚೈನೀಸ್ ಹೋಟೆಲ್ಲಿಗೆ ಅವರು ಬಂದದ್ದು ಪಾತ್ರೆ ತೊಳೆಯಲು. ಮೊದಲ ಮೊಮೊ ಹೋಟೆಲ್ ತೆರೆದ ದಿನವೇ ಅಡುಗೆಯವನು ಹೇಳದೆ ಕೇಳದೆ ಕಾಲ್ಕಿತ್ತ. ಕಂಗಾಲಾದ ಮಾಲೀಕ ಮೊಬೈಲಿನಲ್ಲಿ ಚಿತ್ರ ತೋರಿಸಿ, ಹೀಗೇ ಮಾಡಿ ಅಂದ. ಡೆಲ್ಸಿಯ ಕಣ್ಣಿಗೆ ಅದು ಥೇಟ್ ನೆವ್ರಿಯಾಗಿ ಕಂಡಿತು. ನೆವ್ರಿ ಎಂದರೆ ಅವರ ಮನೆಗಳಲ್ಲಿ ಕ್ರಿಸ್‌ಮಸ್‌ಗೆ ಮಾಡುವ ಕರ್ಜಿಕಾಯಿ. ಅದರ ಅಂಚನ್ನು ಹಗ್ಗದಂತೆ ಹೊಸೆದು ಮುಚ್ಚುತ್ತಾರೆ. ಹಬ್ಬದ ತಟ್ಟೆ ಊರೆಲ್ಲ ಸುತ್ತುವುದರಿಂದ, ಯಾರ ಮನೆಯ ನೆವ್ರಿ ಎಣ್ಣೆಯಲ್ಲಿ ಬಾಯಿಬಿಟ್ಟಿತೆಂಬ ಸುದ್ದಿ ಚರ್ಚಿನ ಅಂಗಳದಲ್ಲಿ ಮುಂದಿನ ಹಬ್ಬದವರೆಗೂ ಓಡಾಡುತ್ತದೆ.

“ಅಂಚು ಸರಿಯಾಗೋ ಗಂಟ ನಮ್ಮತ್ತೆ ಏಳಕ್ಕೇ ಬುಡ್ತಿರ್ಲಿಲ್ಲ ಕಣ್ರೀ. ಆವತ್ತು ಗಾಬ್ರೀಲಿ ಅದೇ ಅಂಚು ಹೊಸ್ದುಬುಟ್ಟೆ. ಮೊಮೊಗೆ ಹಂಗಿರಲ್ವಂತೆ, ನಂಗೇನು ಗೊತ್ತು?” ಎನ್ನುತ್ತಾರೆ.

ಆ ತಪ್ಪೇ ಗಿರಾಕಿಗಳಿಗೆ ಹಿಡಿಸಿತು. ಹೆಗ್ಗದ್ದೆ ಕಡೆಯ ರೆಸಾರ್ಟುಗಳಿಂದ ಅದನ್ನೇ ಕೇಳಿಕೊಂಡು ಬರತೊಡಗಿದರು. ಥಾಯ್ ಊಟದವರೂ ಅದನ್ನು ಬಿಡಲಿಲ್ಲ. ಈಗಿನ ಮೆನುವಿನಲ್ಲಿ ಅದರ ಹೆಸರು ‘ಹಿಮಾಲಯನ್ ಟ್ವಿಸ್ಟ್’. ಹಾನುಬಾಳಿನ ಅತ್ತೆಯೊಬ್ಬರು ಸೊಸೆಯ ಬೆನ್ನು ಬಿದ್ದು ಕಲಿಸಿದ ಕಸುಬನ್ನು ಹಿಮಾಲಯಕ್ಕೆ ಬರೆದುಕೊಟ್ಟವರಿಗೆ ನಾಚಿಕೆ ಎಂಬುದು ಬೇಡವೇ? ದಿನಕ್ಕೆ ನಾನೂರು ಮೊಮೊ, ಶನಿವಾರ ಭಾನುವಾರ ಅದರ ಎರಡರಷ್ಟು, ಎಲ್ಲವೂ ಆ ಕಿಟಕಿಯಿಲ್ಲದ ಕೋಣೆಯಲ್ಲಿ ಡೆಲ್ಸಿಯ ಬೆರಳುಗಳಿಂದಲೇ ಹೊರಡುತ್ತವೆ.

ಗಾಜಿನ ಹಿಂದೆ ನಿಲ್ಲುವವನು ಬಿಪುಲ್. ಅಸ್ಸಾಮಿನಿಂದ ಎಸ್ಟೇಟಿಗೆ ಕಾಫಿ ಕೊಯ್ಯಲು ಬಂದವನು, ಕೂಲಿಯವರ ಲೈನ್ ಮನೆಯಲ್ಲಿದ್ದವನು. ಈಗಿನ ಮಾಲೀಕ ನಟರಾಜ್ ಅವನನ್ನು ಆರಿಸಿಕೊಂಡದ್ದು ಮುಖ ನೋಡಿ. ಸಕಲೇಶಪುರಕ್ಕೆ ಬರುವ ತನಕ ಅವನು ಮೊಮೊ ತಿಂದವನೇ ಅಲ್ಲ. ಬಿಳಿ ಟೋಪಿ ಹಾಕಿಕೊಂಡು, ಡೆಲ್ಸಿ ಮುಚ್ಚಿದ ಮೊಮೊಗಳನ್ನೇ ಬೆರಳಲ್ಲಿ ಒತ್ತಿ ಒತ್ತಿ ಜನಕ್ಕೆ ತೋರಿಸುವುದು ಅವನ ಕೆಲಸ. ತನಗೂ ಇದು ಅವಮಾನವೇ ಎಂದು ಅವನು ಡೆಲ್ಸಿ ಅಕ್ಕನ ಹತ್ತಿರ ಎಷ್ಟೋ ಸಲ ಹೇಳಿಕೊಂಡಿದ್ದಾನೆ.

ಮೊನ್ನೆ ಭಾನುವಾರ ಒಂದು ಕುಟುಂಬದವರು ಈ ಅಂಚು ಯಾರದು ಎಂದು ವಿಚಾರಿಸಿದರು. ನಟರಾಜ್ ಬಿಪುಲ್‌ನ ಹೆಗಲಮೇಲೆ ಕೈಹಾಕಿ, ಇವನದೇ, ಅಜ್ಜಿಯಿಂದ ಕಲಿತದ್ದು ಎಂದರು. ಸ್ಟೋರ್ ರೂಮಿನಲ್ಲಿ ಹಿಟ್ಟು ಹಿಡಿದಿದ್ದ ಡೆಲ್ಸಿಗೆ ಅದು ಕೇಳಿಸಿತು. ಮಡಚಿದ್ದನ್ನು ಕಸಿದುಕೊಂಡದ್ದು ಸಾಲದೆಂದು ಅತ್ತೆಯನ್ನೂ ಕಸಿದುಕೊಂಡರಲ್ಲ ಎಂದು ಅವರ ಮೈಯೆಲ್ಲ ಉರಿದುಹೋಯಿತು.

ಸೋಮವಾರ ಅವರು ಅಂಚು ಹೊಸೆಯಲಿಲ್ಲ. ಸುಮ್ಮನೆ ಒತ್ತಿ ಕಳಿಸಿದರು. ಹಬೆಯಲ್ಲಿ ಅರ್ಧಕ್ಕರ್ಧ ಬಾಯಿಬಿಟ್ಟು ಹೂರಣವೆಲ್ಲ ನೀರುಪಾಲಾಯಿತು, ತಟ್ಟೆಗಳು ವಾಪಸ್ ಬಂದವು. ನಟರಾಜ್ ಸ್ಟೋರ್ ರೂಮಿಗೆ ಬಂದು, ನಿಮ್ಮ ಮುಖ ಕಂಡರೆ ಯಾರಿಗೂ ಮೊಮೊ ಅನ್ನಿಸಲ್ಲ ಅಕ್ಕ, ಅರ್ಥ ಮಾಡ್ಕೊಳ್ಳಿ ಎಂದು ನಯವಾಗಿ ಹೇಳಿದರು. ಅಂಥ ಮಾತನ್ನು ನಯವಾಗಿ ಹೇಳಿದರೇನು, ಒರಟಾಗಿ ಹೇಳಿದರೇನು.

“ಅಂಚು ಬೇಕಂದ್ರೆ ಗಾಜಿನ ಹತ್ರ ಜಾಗ ಕೊಡಿ ಸರ್. ಇಲ್ಲಾಂದ್ರೆ ಬಿಪುಲ್‌ನ ಅಜ್ಜೀನೇ ಕರೆಸ್ಕೊಳ್ಳಿ” ಎಂದರು ಡೆಲ್ಸಿ.

ನಟರಾಜ್ ಜಾಗ ಕೊಡಲಿಲ್ಲ. ಈ ಮಳೆಗೆ ತಾವೂ ಮುಚ್ಚುವುದೆಂದು ಅವರು ಆಗಲೇ ತೀರ್ಮಾನಿಸಿದ್ದರು. ಎರಡು ದಿನ ಬಿಟ್ಟು, ಇಲ್ಲಿ ಕೊರಿಯನ್ ಹೋಟೆಲ್ ತೆರೆಯಬೇಕೆಂದಿರುವವರು ಕಟ್ಟಡ ನೋಡಲು ಬಂದರು. ಗಾಜು ಅವರಿಗೆ ಬಹಳ ಇಷ್ಟವಾಯಿತು. ಒಳಗೆ ನಿಲ್ಲಲು ನೀನೇ ಇರ್ತೀಯಾ ಎಂದು ಬಿಪುಲ್‌ನನ್ನು ಕೇಳಿದರು. ಅವನು ಟೋಪಿ ತೆಗೆದು ಒಲೆಯ ಪಕ್ಕ ಇಟ್ಟು, ಕೆಲಸ ಬಲ್ಲವರು ಅಲ್ಲಿದ್ದಾರೆ ಎಂದು ಸ್ಟೋರ್ ರೂಮಿನ ಬಾಗಿಲಿಗೆ ಕೈ ತೋರಿಸಿದ. ಡೆಲ್ಸಿ ಹಿಟ್ಟಿನ ಕೈಯಲ್ಲೇ ಹೊರಬಂದು ತಮ್ಮ ಷರತ್ತು ಹೇಳಿದರು. ಯೋಚನೆ ಮಾಡುತ್ತೇವೆ ಎಂದು ಹೋದವರು ಇನ್ನೂ ಉತ್ತರ ಕೊಟ್ಟಿಲ್ಲ.

ಇಲ್ಲವೆಂದರೆ ಈ ಕೆಲಸವೂ ಹೋಗುತ್ತದೆ, ಅದು ಡೆಲ್ಸಿಗೆ ಗೊತ್ತು. ಆದರೂ ಇವತ್ತು ಬೆಳಗ್ಗೆ ಅವರು ಬಕೆಟ್ಟು ಹಿಡಿದು ರಸ್ತೆಗೆ ಬರಲಿಲ್ಲ. ಒಳಗೇ ನಿಂತು ತಮ್ಮ ಕಡೆಯ ಗಾಜನ್ನಷ್ಟೇ ಒರೆಸಿದರು. ಆಚೆ ಬದಿಯಲ್ಲಿ ಕೆಸರು ಹಾಗೇ ಇದೆ.

“ಇದುವರ್ಗೂ ಎರಡೂ ಕಡೆ ಒರ್ಸಿದ್ದು ಸಾಕು. ನೋಡೋ ಆಸೆ ಇರೋರು ಆಚೆ ಕಡೆ ಒರೆಸ್ಕೊಂಡು ನೋಡ್ಲಿ. ನಾನಿಲ್ಲಿ ನಿಂತಿರ್ತೀನಿ.”